ಬಣ್ಣ ನಂಬಬೇಡಿ, ಬಾಲ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ ಹಳೆಯ ವಿಮಾನಗಳು ಮತ್ತು ಸೇನೆಯಿಂದ ನಿವೃತ್ತವಾದ ವಿಮಾನಗಳು. ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಕಳಿಸಿದ ಪ್ರಶ್ನೆಗಳಿವು.

ಮರೀನ್ ಡ್ರೈವ್‌ನಲ್ಲಿ ವಾಯುಪಡೆಯ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಬಂತು ಅನ್ನುವಷ್ಟರಲ್ಲಿ ವಿಮಾನ ಹೋಗಿಯೇ ಬಿಟ್ಟಿತು. ಕಂಡದ್ದು ಬರೀ ಕಪ್ಪು ಆಕಾರ. ಅಷ್ಟರಲ್ಲೇ ಗುರುತು ಹಿಡಿಯುವುದು ಹೇಗೆ? (ಡೊಂಬಿವಲಿಯಿಂದ)

ಕಪ್ಪು ಆಕಾರ ಸರಿಯಾಗಿ ಕಂಡಿದ್ದರೆ ಅರ್ಧ ಕೆಲಸ ಆಗಿದೆ. ಬಣ್ಣ, ಲಾಂಛನ, ನಂಬರ್ ಎಲ್ಲವನ್ನೂ ಒಂದು ವಾರದಲ್ಲಿ ಬದಲಿಸಬಹುದು. ರೆಕ್ಕೆ ಎಲ್ಲಿ ಕೂಡಿದೆ, ಎಂಜಿನ್ ಎಲ್ಲಿ ಕೂತಿದೆ ಅನ್ನುವುದನ್ನು ಬದಲಿಸಲಾಗದು. ಆದ್ದರಿಂದ ಕಣ್ಣು ಒಂದೇ ಕ್ರಮದಲ್ಲಿ ಓಡಲಿ: ರೆಕ್ಕೆ, ಎಂಜಿನ್, ಒಡಲು, ಬಾಲ. ರೆಕ್ಕೆ ಒಡಲಿನ ಹೆಗಲಿಗೆ ಕೂಡಿದೆಯೋ, ನಡುವಿಗೋ, ತಳಕ್ಕೋ? ನೇರವಾಗಿದೆಯೋ, ಹಿಂದಕ್ಕೆ ಬಾಗಿದೆಯೋ, ತ್ರಿಕೋನವೋ? ಬಾಲದಲ್ಲಿ ನಿಂತ ರೆಕ್ಕೆ ಒಂದೋ ಎರಡೋ? ಅಡ್ಡಬಾಲ, ಅಂದರೆ ಬಾಲದ ಎರಡೂ ಪಕ್ಕ ಅಡ್ಡಕ್ಕೆ ಚಾಚಿದ ಪುಟ್ಟ ರೆಕ್ಕೆ, ಇದೆಯೋ ಇಲ್ಲವೋ?

ಈ ಕೊನೆಯ ಪ್ರಶ್ನೆಯೊಂದೇ ಎಷ್ಟೋ ಗೊಂದಲ ಬಿಡಿಸುತ್ತದೆ. ತ್ರಿಕೋನ ರೆಕ್ಕೆಯ ಹಿಂದೆ ಪುಟ್ಟ ಅಡ್ಡಬಾಲವೂ ಕಂಡರೆ ಅದು ಮಿಗ್-21. ತ್ರಿಕೋನ ರೆಕ್ಕೆ ಇದ್ದು ಅಡ್ಡಬಾಲ ಇಲ್ಲದೆ, ಮೂತಿಯ ಕಡೆಯೂ ಪುಟ್ಟ ರೆಕ್ಕೆ ಇಲ್ಲದಿದ್ದರೆ ಮಿರಾಜ್-2000 ಅಥವಾ ತೇಜಸ್ (ಪುಟ್ಟ ರೆಕ್ಕೆ ಇದ್ದರೆ ರಫೇಲ್). ಮಿರಾಜ್ ರೆಕ್ಕೆಯ ಮುಂದಂಚು ಒಂದೇ ಗೆರೆಯಲ್ಲಿ ಓಡುತ್ತದೆ, ತೇಜಸ್‌ನದು ನಡುವೆ ಒಮ್ಮೆ ಮುರಿದು ಕೋನ ಬದಲಿಸುತ್ತದೆ. ಹೆಗಲ ಮೇಲೆ ಚಿಕ್ಕ ರೆಕ್ಕೆ ಇದ್ದು, ಇಳಿಯುವಾಗ ಉದ್ದ ಕಾಲು ಚಾಚಿ, ಒಂದೊಂದು ಹಿಂಗಾಲಿಗೂ ಜೋಡಿ ಗಾಲಿ ಇದ್ದರೆ ಜಾಗ್ವಾರ್.

ನಿಂತ ಜಾಗವೂ ಮುಖ್ಯ. ಮರೀನ್ ಡ್ರೈವ್‌ನ ಪ್ರದರ್ಶನಗಳು ಕೊಲ್ಲಿಯ ಮೇಲೆ ನಡೆಯುತ್ತವೆ. 2024ರ ಜನವರಿಯದೂ ಹಾಗೆಯೇ ನಡೆದದ್ದು. ಜನವರಿಯ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕಿರುತ್ತಾನೆ, ಆಮೇಲೆ ನೈರುತ್ಯಕ್ಕೆ ಸರಿಯುತ್ತಾನೆ. ಗಿರ್‌ಗಾಂವ್ ಚೌಪಾಟಿಯ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದವರಿಗೆ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಎಲ್ಲವೂ ಕಪ್ಪಾಗಿ ಕಾಣುತ್ತದೆ. ನಾರಿಮನ್ ಪಾಯಿಂಟ್ ತುದಿಯಿಂದ ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಬೆನ್ನಿಗೆ ಅಥವಾ ಎಡಗಡೆಗೆ ಬೀಳುತ್ತದೆ, ಬಣ್ಣವೂ ಕಾಣುತ್ತದೆ.

ಇನ್ನು ಶಬ್ದ. ಒಂದು ಕಿಲೋಮೀಟರ್ ದೂರದ ವಿಮಾನದ ಸದ್ದು ಕಿವಿಗೆ ತಲುಪಲು ಸುಮಾರು 3 ಸೆಕೆಂಡ್ ಬೇಕು. ಗಂಟೆಗೆ 800 ಕಿ.ಮೀ. ವೇಗದ ಜೆಟ್ ಅಷ್ಟರಲ್ಲಿ 650 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ತಲೆ ಎತ್ತಿದವರಿಗೆ ಸಿಗುವುದು ಖಾಲಿ ಆಕಾಶ. ಸದ್ದಿಗಿಂತ ಮುಂದಕ್ಕೆ ನೋಡಿ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನದು) ಸಾಕು. ಹತ್ತು ಪಟ್ಟಿನದು ಇನ್ನೂ ದೊಡ್ಡದಾಗಿ ತೋರಿಸಿದರೂ ಅದರಲ್ಲಿ ಕಾಣುವ ಆಕಾಶ ಕಿರಿದು, ಕೈ ನಡುಕವೂ ಹೆಚ್ಚು ಕಾಣುತ್ತದೆ. ಓಡುವ ಜೆಟ್ ಅದರೊಳಗೆ ನಿಲ್ಲುವುದಿಲ್ಲ.

ವರ್ಲಿಯ ನೆಹರೂ ಸೈನ್ಸ್ ಸೆಂಟರ್ ಅಂಗಳದಲ್ಲಿರುವ ಜೆಟ್ ವಿಮಾನವನ್ನು ಮಗ ಹಂಟರ್ ಅನ್ನುತ್ತಾನೆ, ನನಗೆ ಮಿಗ್ ಅನಿಸುತ್ತದೆ. ಯಾರದ್ದು ಸರಿ? (ಮಾಟುಂಗಾದಿಂದ)

ಎರಡೂ ಅಲ್ಲ. ಅದು ಮಾರುತ್, ಎಚ್‌ಎಫ್-24. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ನಮ್ಮದೇ ಫೈಟರ್. 1961ರ ಜೂನ್ 17ರಂದು ಮೊದಲು ಹಾರಿತು. ವಿನ್ಯಾಸದ ತಂಡಕ್ಕೆ ಮುಖ್ಯಸ್ಥರಾಗಿದ್ದವರು ಜರ್ಮನಿಯ ಕುರ್ಟ್ ಟ್ಯಾಂಕ್. ಹಂಟರ್ ಬ್ರಿಟನ್‌ನ ಫೈಟರ್, ಮಗನ ಊಹೆ ದೂರದ್ದೇನಲ್ಲ. ಹಂಟರ್‌ಗೂ ಮಾರುತ್‌ಗೂ ರೆಕ್ಕೆ ಹಿಂದಕ್ಕೆ ಬಾಗಿದೆ, ಎರಡರ ಮೂತಿಯೂ ಚೂಪು, ಎರಡರ ಒಡಲಲ್ಲೂ 30 ಮಿ.ಮೀ. ಗನ್ನು ನಾಲ್ಕು.

ಮೂರು ಕಡೆ ನೋಡಿದರೆ ಬೇರ್ಪಡಿಸಬಹುದು. ಮೊದಲನೆಯದು ಹಿಂದಿನ ಹೊಗೆಬಾಯಿ. ಹಂಟರ್‌ಗೆ ಒಂದೇ ಏವನ್ ಎಂಜಿನ್, ಹಾಗಾಗಿ ಬಾಲದ ತುದಿಯಲ್ಲಿ ದುಂಡನೆಯ ಬಾಯಿ ಒಂದೇ. ಮಾರುತ್‌ಗೆ ಅಕ್ಕಪಕ್ಕ ಎರಡು ಆರ್ಫಿಯಸ್ ಎಂಜಿನ್, ಎರಡು ಬಾಯಿ. ಎರಡನೆಯದು ಗಾಳಿ ಒಳಗೆ ಹೋಗುವ ದಾರಿ. ಹಂಟರ್‌ನಲ್ಲಿ ರೆಕ್ಕೆ ಒಡಲಿಗೆ ಸೇರುವ ಬುಡದಲ್ಲೇ ತ್ರಿಕೋನದ ಸೀಳು ಇರುತ್ತದೆ. ಮಾರುತ್‌ನಲ್ಲಿ ಅದು ರೆಕ್ಕೆಗಿಂತ ಮುಂದೆ, ಒಡಲಿನ ಎರಡು ಪಕ್ಕದಲ್ಲಿ ಅರ್ಧಚಂದ್ರದಂತಿದ್ದು, ಒಳಗೆ ಅರ್ಧ ಶಂಕು ಕೂತಿರುತ್ತದೆ. ಮೂರನೆಯದು ಅಡ್ಡಬಾಲ: ಹಂಟರ್‌ನದು ನಿಂತ ಬಾಲದ ಮೇಲೆ ಸ್ವಲ್ಪ ಎತ್ತರದಲ್ಲಿ, ಮಾರುತ್‌ನದು ಕೆಳಗೆ ಒಡಲಿನಲ್ಲೇ. ಇನ್ನು ಮಾರುತ್‌ನ ನಡುವನ್ನು ಮೇಲಿನಿಂದ ನೋಡಿದರೆ ಸೊಂಟ ಹಿಂಡಿದಂತಿದೆ. ಶಬ್ದದ ವೇಗದ ಹತ್ತಿರ ಎದುರಾಗುವ ಗಾಳಿಯ ತಡೆ ಕಡಿಮೆಯಾಗಲೆಂದು, ರೆಕ್ಕೆ ಬರುವ ಕಡೆ ಒಡಲನ್ನು ಸಣ್ಣ ಮಾಡಿರುತ್ತಾರೆ.

ಅಂದುಕೊಂಡಿದ್ದ ಹೆಚ್ಚು ಬಲದ ಎಂಜಿನ್ ಕೊನೆಗೂ ಸಿಗದೆ, ಈ ಅಂದದ ಮೈಗೆ ತಕ್ಕ ವೇಗ ಬರಲಿಲ್ಲ. ಅದು ವಿನ್ಯಾಸದ ತಪ್ಪಲ್ಲ. ಮಗನನ್ನು ಇನ್ನೊಮ್ಮೆ ಕರೆದುಕೊಂಡು ಹೋಗಿ, ಈ ಸಲ ಹಿಂದಿನಿಂದ ನೋಡಲು ಹೇಳಿ.

ಬೋಗ್‌ಮಾಲೊ ನೌಕಾ ವಿಮಾನ ಮ್ಯೂಸಿಯಂನಲ್ಲಿರುವ ಒಂದು ಜೆಟ್‌ಗೆ ಬಾಲದಲ್ಲಿ ತೂತೇ ಇಲ್ಲ! ಎಂಜಿನ್ ತೆಗೆದು ಮುಚ್ಚಿದ್ದಾರೆಯೇ? (ವಾಸ್ಕೋದಿಂದ)

ಇಲ್ಲ, ಅದು ಹುಟ್ಟಿದ್ದೇ ಹಾಗೆ. ಅದು ಸೀ ಹಾಕ್. ಒಡಲೊಳಗಿನ 'ನೀನ್' ಎಂಬ ಒಂದೇ ಎಂಜಿನ್‌ನ ಬಿಸಿ ಗಾಳಿಯನ್ನು ಎರಡು ಕೊಳವೆಗಳಾಗಿ ಸೀಳಿ, ಎರಡೂ ರೆಕ್ಕೆಗಳ ಬುಡದ ಹಿಂದಂಚಿನಿಂದ ಹೊರಬಿಟ್ಟಿದ್ದಾರೆ. ಇದರಿಂದ ಒಡಲಿನ ಹಿಂಭಾಗ ಇಂಧನಕ್ಕೆ ಬಿಡುವಾಯಿತು. ರೆಕ್ಕೆ ಪೂರ್ತಿ ನೇರ, ನಡುವೆ ಮಡಚುವ ಕೀಲು ಇದೆ. ಬಾಲದ ಕೆಳಗಿನ ಕೊಕ್ಕೆಯನ್ನೂ ನೋಡಿ. ಹಡಗಿನ ಡೆಕ್ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿಸಿ ವಿಮಾನ ನಿಲ್ಲಿಸುವುದು ಇದರಿಂದಲೇ. ವಿಕ್ರಾಂತ್ ಹಡಗಿನ ಈ ಸೀ ಹಾಕ್‌ಗಳ ಜಾಗಕ್ಕೆ 1983ರಲ್ಲಿ ಸೀ ಹ್ಯಾರಿಯರ್ ಬಂದವು.

ಅದೇ ಅಂಗಳದ ಇನ್ನು ಕೆಲವಕ್ಕೆ ಒಂದೊಂದೇ ಗುರುತು ಸಾಕು. ಸೀ ಹ್ಯಾರಿಯರ್‌ಗೆ ಒಡಲಿನ ಪಕ್ಕದಲ್ಲಿ ತಿರುಗುವ ನಾಲ್ಕು ಬಾಯಿಗಳಿವೆ, ರೆಕ್ಕೆಯ ತುದಿಯಲ್ಲಿ ಊರುಗೋಲಿನಂಥ ಪುಟ್ಟ ಗಾಲಿಗಳಿವೆ, ದೊಡ್ಡ ಗಾಲಿಗಳು ಸೈಕಲ್ಲಿನಂತೆ ಒಂದರ ಹಿಂದೆ ಒಂದಿವೆ. ವ್ಯಾಂಪೈರ್‌ಗೆ ಬಾಲ ಹೊರುವ ಎರಡು ಕಂಬ. ಕಾಮೊವ್ ಹೆಲಿಕಾಪ್ಟರ್‌ಗೆ ಒಂದರ ಮೇಲೊಂದು ಎರಡು ರೋಟರ್, ಬಾಲದಲ್ಲಿ ಮಾತ್ರ ರೋಟರ್ ಇಲ್ಲ. ಮೂರು ಬಾಲದ ದೊಡ್ಡ ವಿಮಾನ ಸೂಪರ್ ಕಾನ್‌ಸ್ಟೆಲೇಷನ್. ಮೂಗಿನಲ್ಲಿ ಒಂದು ಪ್ರೊಪೆಲ್ಲರ್, ಎರಡೂ ರೆಕ್ಕೆಯಡಿ ಗುಂಡನೆಯ ಉದ್ದ ಡಬ್ಬಿ ಇದ್ದರೆ ಫ್ರಾನ್ಸಿನ ಅಲಿಜೇ. ಆ ಡಬ್ಬಿಯ ಹಿಂಭಾಗಕ್ಕೆ ಗಾಲಿ ಮಡಚಿಕೊಳ್ಳುತ್ತದೆ, ಮುಂಭಾಗದಲ್ಲಿ ಸಬ್‌ಮರೀನ್ ಸದ್ದು ಕೇಳುವ ತೇಲುಬುರುಡೆಗಳು ಇರುತ್ತಿದ್ದವು.

ನಾಶಿಕ್ ಓಝರ್‌ನ ಎಚ್‌ಎಎಲ್‌ನಲ್ಲಿದ್ದ ತಂದೆಯವರು ಮಿಗ್-21ಗಳನ್ನು 'ಸೆವೆಂಟಿ ಸೆವೆನ್', 'ನೈಂಟಿ ಸಿಕ್ಸ್' ಎನ್ನುತ್ತಿದ್ದರು. ನನ್ನ ಕಣ್ಣಿಗೆ ಎಲ್ಲವೂ ಒಂದೇ. ವ್ಯತ್ಯಾಸ ಏನು? (ಪುಣೆ, ಪಿಂಪ್ರಿಯಿಂದ)

ತಂದೆಯವರು ಹೇಳುತ್ತಿದ್ದದ್ದು ಟೈಪ್ ನಂಬರ್. ನಮ್ಮ ವಾಯುಪಡೆಯಲ್ಲೂ ಕಾರ್ಖಾನೆಯಲ್ಲೂ ಬಳಕೆಯಲ್ಲಿದ್ದ ಹೆಸರುಗಳೇ ಅವು. ಟೈಪ್ 74 ಅಂದರೆ ಮೊದಲು ಬಂದ ಎಫ್-13, ಟೈಪ್ 77 ಅಂದರೆ ಎಫ್‌ಎಲ್, ಟೈಪ್ 96 ಅಂದರೆ ಎಂ, ಟೈಪ್ 75 ಅಂದರೆ ಬಿಸ್. ನಂಬರ್ ಹೆಚ್ಚಾದಷ್ಟೂ ಹೊಸದು ಎಂದು ಲೆಕ್ಕ ಹಾಕಬೇಡಿ. ಬಿಸ್ ನಂಬರ್ 75 ಆದರೂ 96ಕ್ಕಿಂತ ಆಮೇಲೆ ಬಂದದ್ದು.

ಮೂತಿಯಿಂದ ಮುಂದಕ್ಕೆ ಚಾಚಿದ ಉದ್ದ ಕಡ್ಡಿಯಿಂದ ಶುರು ಮಾಡಿ. ಅದು ವೇಗ ಅಳೆಯುವ ಪಿಟೋಟ್ ಕೊಳವೆ. ಮೂತಿಯ ಕೆಳಗಿದ್ದರೆ 74. ಮೇಲೆ ನಟ್ಟನಡುವೆ ಇದ್ದರೆ 77. ಮೇಲೆಯೇ ಇದ್ದು ಪೈಲಟ್‌ನ ಬಲಕ್ಕೆ ಸರಿದಿದ್ದರೆ 96 ಅಥವಾ 75. ಗೇಟಿನ ಮುಂದೆ ನಿಲ್ಲಿಸಿದ ವಿಮಾನಗಳಲ್ಲಿ ಈ ಕಡ್ಡಿ ಮುರಿದಿರುವುದುಂಟು, ಆಗ ಬುಡದ ಗುರುತು ಹುಡುಕಿ.

ಆಮೇಲೆ ರೆಕ್ಕೆಯ ಕೆಳಗೆ ಎಣಿಸಿ. ಕ್ಷಿಪಣಿ, ಟ್ಯಾಂಕ್ ತೂಗುಹಾಕುವ ಪೈಲಾನ್‌ಗಳು 77ರಲ್ಲಿ ಎರಡೇ, 96 ಮತ್ತು 75ರಲ್ಲಿ ನಾಲ್ಕು. ಹೊಟ್ಟೆ ನೋಡಿ: 77ರ ಮೈಯೊಳಗೆ ಗನ್ನೇ ಇರಲಿಲ್ಲ, ಬೇಕಾದಾಗ ಹೊಟ್ಟೆಯಡಿ ಬೇರೆಯಾಗಿ ಕಟ್ಟುತ್ತಿದ್ದರು. 96ರಿಂದ ಮುಂದೆ ಜೋಡಿ ನಳಿಕೆಯ 23 ಮಿ.ಮೀ. ಗನ್ ಅಲ್ಲೇ ಅಂಟಿಕೊಂಡಿದೆ. ಬೆನ್ನನ್ನೂ ನೋಡಿ: 77ರದು ತೆಳು, 96ರದು ಎತ್ತರ, ಬಿಸ್‌ನದು ಇನ್ನೂ ತುಂಬಿಕೊಂಡ ಬೆನ್ನು. ಬಿಸ್ ಅನ್ನೇ ಹೊಸದು ಮಾಡಿದ ಬೈಸನ್‌ನಲ್ಲಿ ಪೈಲಟ್ ಎದುರಿನ ಗಾಜು ಚೌಕಟ್ಟಿಲ್ಲದ ಒಂದೇ ತುಂಡು, ಉಳಿದವುಗಳಲ್ಲಿ ಅಲ್ಲಿ ಲೋಹದ ಪಟ್ಟಿಗಳು ಕಾಣುತ್ತವೆ.

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21ಕ್ಕೆ ವಾಯುಪಡೆ ವಿದಾಯ ಹೇಳಿತು. ಇನ್ನು ಮುಂದೆ ನೀವು ನೋಡುವ ನಮ್ಮ ಮಿಗ್-21ಗಳೆಲ್ಲ ನಿಂತಲ್ಲೇ ನಿಂತವು. ಸುತ್ತ ನಾಲ್ಕು ಸುತ್ತು ಹಾಕಿ ನೋಡಲು ಪುರುಸೊತ್ತು ಉಂಟು.

ಘೋರ್ಪಡಿಯ ಯುದ್ಧಸ್ಮಾರಕದಲ್ಲಿರುವುದು ಮಿಗ್-23ಓ ಮಿಗ್-27ಓ? ಇಬ್ಬರು ನಿವೃತ್ತ ಸೈನಿಕರೇ ವಾದಿಸುತ್ತಿದ್ದರು. (ಪುಣೆ ಕ್ಯಾಂಪ್‌ನಿಂದ)

ಮಿಗ್-23 ಬಿಎನ್. ಆದರೆ ವಾದ ಆಗುವುದು ಸಹಜ, ಎರಡಕ್ಕೂ ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಎರಡಕ್ಕೂ ಹಿಂದೆ ಮುಂದೆ ಸರಿಯುವ ರೆಕ್ಕೆ. ಗಾಳಿ ಹೋಗುವ ಬಾಯಿಯ ಹತ್ತಿರ ನಿಂತು ನೋಡಿ. 23ರಲ್ಲಿ ಅದರ ಮತ್ತು ಒಡಲಿನ ನಡುವೆ ದೊಡ್ಡ ಚಪ್ಪಟೆ ತಗಡು ನಿಂತಿರುತ್ತದೆ, ಅದರ ತುಂಬ ಜರಡಿಯಂಥ ಸಣ್ಣ ತೂತು. 27ರಲ್ಲಿ ಆ ತಗಡು ಇಲ್ಲ. ಅದು ನೆಲದ ಹತ್ತಿರ ಹಾರಿ ಬಾಂಬು ಹಾಕಲೆಂದೇ ಮಾಡಿದ್ದು. ಅತಿ ವೇಗಕ್ಕೆ ಬೇಕಾದ ಆ ಏರ್ಪಾಟು ಬೇಡವೆಂದು ತೆಗೆದು ತೂಕ ಉಳಿಸಿದರು. ಇನ್ನೂ ಅನುಮಾನ ಇದ್ದರೆ ಹೊಟ್ಟೆಯಡಿಯ ಗನ್ನಿನ ನಳಿಕೆ ಎಣಿಸಿ: 23 ಬಿಎನ್‌ಗೆ ಎರಡು, 27ಕ್ಕೆ ಆರು.

ಲೋಹಗಾಂವ್‌ನಲ್ಲಿ ತೆಗೆದ ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಅಗಲ ರೆಕ್ಕೆಯ ಎರಡು ಎಂಜಿನ್ ಜೆಟ್ ಇದೆ. ಪೈಲಟ್ ಕೂರುವ ಗಾಜು ಮಧ್ಯದಲ್ಲಿಲ್ಲ, ಎಡಕ್ಕಿದೆ. (ಪುಣೆಯಿಂದ)

ಕ್ಯಾನ್‌ಬೆರಾ, ಅದರಲ್ಲೂ ಬಾಂಬು ಹಾಕುವ ಬಿ(ಐ)-58 ಮಾದರಿ. ಗಾಜು ಎಡಕ್ಕೆ ಸರಿದಿರುವುದೇ ಅದರ ಖಚಿತ ಗುರುತು. ಫೋಟೊ ತೆಗೆಯುತ್ತಿದ್ದ ಪಿಆರ್-57ರಲ್ಲಿ ಗಾಜು ನಡುವೆ ಇರುತ್ತದೆ. ಪುಣೆ ಬಹುಕಾಲ ಕ್ಯಾನ್‌ಬೆರಾಗಳ ನೆಲೆಯಾಗಿತ್ತು. 1957ರಲ್ಲಿ ಬಂದ ಇವು 2007ರ ಮೇ ತನಕ ಹಾರಿದವು.

ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡದ ಹಳೆಯ ಆಲ್ಬಂ ಫೋಟೊಗೂ ಈಗಿನದಕ್ಕೂ ವಿಮಾನ ಬೇರೆ ಕಾಣುತ್ತದೆ. ಬಣ್ಣ ಮಾತ್ರ ಅದೇ ಕೆಂಪು-ಬಿಳಿ. (ಪೊಂಡಾದಿಂದ)

ಹೌದು, ಬೇರೆಯೇ. 1996ರಿಂದ 2011ರ ತನಕ ಎಚ್‌ಎಎಲ್‌ನ ಕಿರಣ್, ಆಮೇಲೆ ಹಾಕ್ (ಮೇಲೆ ಹೇಳಿದ ಸೀ ಹಾಕ್ ಅಲ್ಲ). ಕಿರಣ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ಹಾಗಾಗಿ ಮೂತಿ ಅಗಲ, ರೆಕ್ಕೆ ನೇರ. ಹಾಕ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ, ರೆಕ್ಕೆ ಹಿಂದಕ್ಕೆ ಬಾಗಿದೆ.

ವಾಯುಪಡೆಯ ವಿಂಟೇಜ್ ವಿಮಾನಗಳಲ್ಲಿ ಡಕೋಟಾ, ಹಾರ್ವರ್ಡ್, ಟೈಗರ್ ಮಾತ್ ಇವೆಯಂತೆ. ಡಕೋಟಾ ಮೇಲಿನ ವಿಪಿ-905 ನಂಬರ್ 1947ರಲ್ಲಿ ಶ್ರೀನಗರಕ್ಕೆ ಇಳಿದ ವಿಮಾನದ್ದು ಎಂದು ಓದಿದೆ. ಅದೇ ವಿಮಾನವೇ ಇದು? (ಠಾಣೆಯಿಂದ)

ನಂಬರ್ ಅದರದ್ದು, ಮೈ ಬೇರೆಯದು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾದ ನೆನಪಿಗೆ ಈ ನಂಬರ್ ಬರೆದಿದ್ದಾರೆ. ಈಗಿನದು ಬ್ರಿಟನ್‌ನಲ್ಲಿ ಜಿ-ಎಎಂಎಸ್‌ವಿ ಎಂಬ ನಾಗರಿಕ ನೋಂದಣಿಯಲ್ಲಿ ಹಾರುತ್ತಿದ್ದು, 2018ರಲ್ಲಿ ನಮ್ಮ ವಾಯುಪಡೆಗೆ ಕೊಡುಗೆಯಾಗಿ ಬಂತು. ಅದರ ಹೆಸರು ಪರಶುರಾಮ. ಹೀಗೆ ಗೌರವಕ್ಕಾಗಿ ಇನ್ನೊಂದರ ನಂಬರ್ ತೊಡುವುದು ಜಗತ್ತಿನೆಲ್ಲೆಡೆ ಇದೆ, ಮೋಸವಲ್ಲ. ನಿಜವಾದ ಜಾತಕ ಬೇಕೆಂದರೆ ತಯಾರಕರು ಮೈಗೆ ಬಡಿದ ಪುಟ್ಟ ತಗಡಿನ ಪಟ್ಟಿಯ ಮೇಲಿನ ನಂಬರ್ ನೋಡಬೇಕು.

ಡಕೋಟಾ ಸುಲಭ. ರೆಕ್ಕೆಯ ಮುಂದಂಚು ಹಿಂದಕ್ಕೆ ಓಡುತ್ತದೆ, ಹಿಂದಂಚು ಬಹುತೇಕ ನೇರ. ಗಾಲಿ ಮಡಚಿದ ಮೇಲೂ ಅರ್ಧ ಹೊರಗೆ ಕಾಣುತ್ತದೆ. ನೆಲದ ಮೇಲೆ ಮೂತಿ ಎತ್ತಿ ಬಾಲದ ಗಾಲಿಯ ಮೇಲೆ ಕೂರುತ್ತದೆ.

ಹಾರ್ವರ್ಡ್ ಅನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಅದರ ಪ್ರೊಪೆಲ್ಲರ್ ನಡುವೆ ಗೇರ್ ಇಲ್ಲದೆ ನೇರ ಎಂಜಿನ್‌ಗೇ ಕೂಡಿದೆ. 9 ಅಡಿ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2,250 ಸುತ್ತು ತಿರುಗಿದಾಗ ಅದರ ತುದಿ ಸೆಕೆಂಡಿಗೆ ಸುಮಾರು 323 ಮೀಟರ್ ಓಡುತ್ತದೆ. ವಿಮಾನದ ವೇಗವೂ ಸೇರಿದರೆ ಶಬ್ದದ ವೇಗದ ಹೊಸ್ತಿಲು. ಅಲ್ಲಿಂದ ಹುಟ್ಟುತ್ತದೆ ಆ ಗರಗಸದಂಥ ಕೂಗು, ಏರುವಾಗ ಎಲ್ಲಕ್ಕಿಂತ ಜೋರು.

ಟೈಗರ್ ಮಾತ್ ಎರಡು ಜೊತೆ ರೆಕ್ಕೆಯದು. ಅಮೆರಿಕದ ಸ್ಟಿಯರ್‌ಮನ್ ಜೊತೆ ಗೊಂದಲವಾದರೆ ಮೂಗು ನೋಡಿ. ಸ್ಟಿಯರ್‌ಮನ್‌ಗೆ ಸುತ್ತಲೂ ಹೂವಿನ ಎಸಳಿನಂತೆ ಸಿಲಿಂಡರ್‌ಗಳು ಬಯಲಾಗಿ ಕಾಣುತ್ತವೆ. ಟೈಗರ್ ಮಾತ್‌ನ ನಾಲ್ಕು ಸಿಲಿಂಡರ್‌ಗಳು ತಲೆಕೆಳಗಾಗಿ ಸಾಲಾಗಿ ಕೂತಿರುವುದರಿಂದ ಮೂಗು ಸಪೂರ, ಪ್ರೊಪೆಲ್ಲರ್ ಮೇಲ್ಗಡೆಗೆ ಇರುತ್ತದೆ. ಇಂಧನದ ಟ್ಯಾಂಕು ಮೇಲಿನ ರೆಕ್ಕೆಯ ನಡುವೆ, ಪೈಲಟ್‌ಗಳ ತಲೆಯ ಮೇಲೆಯೇ ಉಬ್ಬಿಕೊಂಡಿದೆ.

ಮಗಳ ಮನೆಗೆ ಇಂಗ್ಲೆಂಡಿಗೆ ಹೋಗುವವಳಿದ್ದೇನೆ. ಡಕ್ಸ್‌ಫರ್ಡ್‌ನ ಏರ್ ಶೋ ನೋಡುವ ಆಸೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಯಾವುದು ಯಾವುದೆಂದು ಹೇಳಿಕೊಡಿ. (ಮಡಗಾಂವ್‌ನಿಂದ)

ಸ್ಪಿಟ್‌ಫೈರ್ ಮತ್ತು ಹರಿಕೇನ್ ಎರಡನ್ನೂ ನಮ್ಮ ವಾಯುಪಡೆ ಬಳಸಿತ್ತು, ಅಲ್ಲಿಂದಲೇ ಆರಂಭಿಸಿ. ಸ್ಪಿಟ್‌ಫೈರ್ ರೆಕ್ಕೆ ತೆಳ್ಳಗೆ, ಅಂಡಾಕಾರ. ಗಾಲಿಗಳು ಮಡಚುವಾಗ ಹೊರಕ್ಕೆ ಹೋಗುತ್ತವೆ. ಹರಿಕೇನ್ ರೆಕ್ಕೆ ದಪ್ಪ, ಗಾಲಿ ಒಳಕ್ಕೆ ಮಡಚುತ್ತವೆ, ಹೊಟ್ಟೆಯ ನಡುವೆ ಒಂದೇ ದೊಡ್ಡ ರೇಡಿಯೇಟರ್. ಸ್ಪಿಟ್‌ಫೈರ್‌ನ ಮೂಗಿನ ಮೇಲೆ ಎರಡು ಉದ್ದ ಉಬ್ಬು ಇದ್ದು ಪ್ರೊಪೆಲ್ಲರ್‌ಗೆ ಐದು ಎಸಳಿದ್ದರೆ ಒಳಗಿರುವುದು ಗ್ರಿಫನ್ ಎಂಜಿನ್. ಬೋಗ್‌ಮಾಲೊದಲ್ಲಿ ನಿಂತಿರುವ ಫೈರ್‌ಫ್ಲೈಗೂ ಅದೇ ಎಂಜಿನ್. ಹೋಗುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ.

ಶತ್ರುಪಕ್ಷದ ಬಣ್ಣ ಬಳಿದುಕೊಂಡ ವಿಮಾನಗಳಲ್ಲಿ ಎಚ್ಚರ ಬೇಕು. ಜರ್ಮನಿಯ ಮೆಸ್ಸರ್‌ಶ್ಮಿಟ್ 109ರಂತೆ ಕಾಣುವ ವಿಮಾನ ಬಂದಾಗ ಮೂಗಿನ ಪಕ್ಕದ ಹೊಗೆ ಕೊಳವೆಗಳನ್ನು ನೋಡಿ. ಜರ್ಮನ್ ಎಂಜಿನ್ ತಲೆಕೆಳಗಾಗಿ ಕೂರುತ್ತದೆ, ಆದ್ದರಿಂದ ಕೊಳವೆಗಳು ಕೆಳಗಿರಬೇಕು. ಮೇಲೆ ಇದ್ದರೆ ಅದು ಯುದ್ಧದ ನಂತರ ಸ್ಪೇನ್‌ನಲ್ಲಿ ಬ್ರಿಟಿಷ್ ಮರ್ಲಿನ್ ಎಂಜಿನ್ ಹಾಕಿ ಕಟ್ಟಿದ ಬುಚೋನ್. ಜಪಾನಿನ ಝೀರೋ ಫೈಟರ್ ಎಂದು ಹಾರುವವುಗಳಲ್ಲಿ ಹಲವು ವೇಷ ಹಾಕಿದ ಹಾರ್ವರ್ಡ್‌ಗಳೇ. ರೆಕ್ಕೆಯ ಹಿಂದಂಚು ನೇರ, ಮುಂದಂಚು ಮಾತ್ರ ಓರೆ ಇದ್ದರೆ ವೇಷ ಬಯಲು.

ನೋಂದಣಿಯೂ ನೆರವಾಗುತ್ತದೆ. ಜಿ ಅಂದರೆ ಬ್ರಿಟನ್, ಎನ್ ಅಂದರೆ ಅಮೆರಿಕ, ಎಫ್-ಎಝೆಡ್ ಎಂದು ಶುರುವಾದರೆ ಫ್ರಾನ್ಸಿನ ಹಳೆಯ ವಿಮಾನಗಳ ಸಾಲು, ನಮ್ಮದು ವಿಟಿ. ಬ್ರಿಟನ್‌ನಲ್ಲಿ ಸೇನೆಯ ಹಳೆಯ ಬಣ್ಣದಲ್ಲೇ ಹಾರುವ ವಿಮಾನಗಳಿಗೆ ಈ ಅಕ್ಷರ ಬರೆಯದಿರಲು ವಿನಾಯಿತಿ ಸಿಗುತ್ತದೆ. ಅಕ್ಷರ ಕಾಣದಿದ್ದರೆ ಅಲ್ಲೇ ಮಾರುವ ಕಾರ್ಯಕ್ರಮದ ಪುಸ್ತಕ ಕೊಳ್ಳಿ.

ಪ್ರೊಪೆಲ್ಲರ್ ವಿಮಾನದ ಫೋಟೊ ತೆಗೆದರೆ ಪಂಖ ನಿಂತ ಹಾಗೆ ಬರುತ್ತದೆ. ಲೋಹಗಾಂವ್, ದಾಬೋಳಿಯಲ್ಲಿ ಸುಖೋಯ್, ಮಿಗ್-29 ಫೋಟೊ ತೆಗೆಯಬಹುದೇ? (ಮುಲುಂಡ್‌ನಿಂದ)

ಶಟರ್ ವೇಗ ಹೆಚ್ಚಾಗಿರುವುದೇ ಕಾರಣ. ಪ್ರೊಪೆಲ್ಲರ್‌ಗೆ 1/160ರಿಂದ 1/250 ಸೆಕೆಂಡ್, ಹೆಲಿಕಾಪ್ಟರ್‌ಗೆ 1/125, ಜೆಟ್‌ಗೆ 1/1000ಕ್ಕಿಂತ ವೇಗದ ಶಟರ್ ಇಡಿ. ನಿಧಾನ ಶಟರ್‌ನಲ್ಲಿ ಸೊಂಟದಿಂದ ಮೇಲೆ ಮೈ ತಿರುಗಿಸುತ್ತ ವಿಮಾನದ ಜೊತೆಗೇ ಸಾಗಬೇಕು, ಇಲ್ಲವಾದರೆ ವಿಮಾನವೂ ಮಸುಕಾಗುತ್ತದೆ. ಹಿನ್ನೆಲೆಯ ಆಕಾಶ ಬೆಳ್ಳಗಿದ್ದರೆ ಎಕ್ಸ್‌ಪೋಷರ್ ಒಂದು ಹೆಜ್ಜೆ ಏರಿಸಿ. ಎರಡನೆಯ ಪ್ರಶ್ನೆಗೆ ಉತ್ತರ: ಬೇಡ. ಎರಡೂ ಸೇನೆಯ ವಿಮಾನ ನಿಲ್ದಾಣಗಳು, ನಾಗರಿಕ ವಿಮಾನದೊಳಗೆ ಕೂತಿದ್ದಾಗಲೂ ಅಲ್ಲಿ ಕ್ಯಾಮೆರಾ ಎತ್ತಬಾರದು.

1932ರಲ್ಲಿ ಜೆ.ಆರ್.ಡಿ. ಟಾಟಾ ಜುಹುಗೆ ಅಂಚೆ ತಂದ ವಿಮಾನ ನಮ್ಮ ಬಳ್ಳಾರಿಗೂ ಹೋಗಿತ್ತಂತೆ. 1982ರಲ್ಲಿ ಅವರು ಮತ್ತೆ ಹಾರಿಸಿದ್ದು ಅದನ್ನೇ? (ವಿಲೆ ಪಾರ್ಲೆಯಿಂದ)

ಅಲ್ಲ. 1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಜುಹುಗೆ ತಂದದ್ದು ಪುಸ್ ಮಾತ್. ಅಲ್ಲಿಂದ ಅಂಚೆಯನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಐವತ್ತು ವರ್ಷದ ನೆನಪಿಗೆ ಅದೇ ದಿನ ಟಾಟಾ ಅವರು ಹಾರಿಸಿದ್ದು ಲೆಪರ್ಡ್ ಮಾತ್. ಎರಡೂ ಡಿ ಹ್ಯಾವಿಲೆಂಡ್ ಕಂಪನಿಯವು, ಎರಡಕ್ಕೂ ಒಂದೇ ಜೊತೆ ರೆಕ್ಕೆ, ಅದೂ ತಲೆಯ ಮೇಲೆ. ಫೋಟೊದಲ್ಲಿ ರೆಕ್ಕೆ ಬುಡದಿಂದ ತುದಿಯವರೆಗೆ ಒಂದೇ ಅಗಲ ಇದ್ದರೆ ಪುಸ್ ಮಾತ್, ತುದಿಯತ್ತ ಸಣ್ಣಗಾಗಿದ್ದರೆ ಲೆಪರ್ಡ್ ಮಾತ್.